ಊರಿಗೆ ಹೋಗುವ ಮಕ್ಕಳು

೪ ಫೆಬ್ರವರಿ ೨೦೦೮, ಸೋಮವಾರ, ಪ್ಯಾರಮಟ್ಟಾ, ಸಿಡ್ನಿ

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಕೂತು ಈಗಾಗಲೇ ಗಡಿಯಾರ ನೋಡುತ್ತಿರುವ ಹಿರಿಯರೇ, ಊಟದ ವಾಸನೆ ಹಿಡಿದು ಹಿಂದಿನ ಸಾಲಿನಲ್ಲಿ ನೆಲೆಸಿರುವ ಬಂಧುಗಳೇ, ತಮಗೆಲ್ಲ ಈ ದಿನಚರಿಯ ಪರವಾಗಿ ಹಾರ್ದಿಕ ಸ್ವಾಗತ. ಉಡುಪಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ, ಹೆಂಡತಿಯ ವೀಸಾದ ಬೆನ್ನು ಹಿಡಿದು ಸಿಡ್ನಿಗೆ ಬಂದು, ನಾಲ್ಕು ವರ್ಷ ಕನ್ನಡ ಸಂಘದ ಮೈಕಿನ ಮುಂದೆ ನಿರೂಪಣೆ ಮಾಡಿದ್ದನ್ನು ಬಿಟ್ಟರೆ ಬೇರೆ ಹೇಳಿಕೊಳ್ಳುವಂಥದ್ದೇನೂ ಮಾಡದ ಕರುಣಾಕರ ಎಂಬ ನಾನು, ನಲವತ್ತೈದರ ಪ್ರಾಯದಲ್ಲಿ ಇಂದು ಇಲ್ಲಿನ ನಗರಸಭೆಯಾದ ಕೌನ್ಸಿಲ್‌ನ ಕಚೇರಿಯಲ್ಲಿ ಸ್ವಂತದ್ದೊಂದು ಕುರ್ಚಿ ಪಡೆದಿದ್ದೇನೆ. ಕುರ್ಚಿಗೆ ಚಕ್ರಗಳಿವೆ. ಚಪ್ಪಾಳೆ ನಿಧಾನವಾಗಿ ಹೊಡೆಯಿರಿ, ಉರುಳುತ್ತದೆ.

ಕೆಲಸ ಇಷ್ಟು. ತಾಯಿ ಬಸುರಿಯಾದಂದಿನಿಂದ ಮಗು ಶಾಲೆಯ ಗೇಟು ದಾಟುವ ತನಕ ಬೇಕಾಗುವ ನರ್ಸು, ಡಾಕ್ಟರು, ಆಟದ ಗುಂಪು, ಶಿಶುವಿಹಾರ ಎಲ್ಲವನ್ನೂ ಊರಿಗೆ ಊರನ್ನೇ ಸೇರಿಸಿ ಒಂದೇ ನೂಲಿನಲ್ಲಿ ಪೋಣಿಸುವುದು. ನೂಲಿನ ಇನ್ನೊಂದು ತುದಿಯನ್ನು ಮನೆಯವರೇ ಹಿಡಿದಿರಬೇಕು ಎನ್ನುವುದು ನಮ್ಮ ಮುಖ್ಯಸ್ಥೆ ಜಾನೆಟ್‌ಳ ಹಟ. ಕನ್ನಡ, ತುಳು ಮಾತಾಡುವ ಮನೆಗಳಿಂದ ಆ ಕೈಗಳನ್ನು ಕರೆತರುವುದು ನನ್ನ ಪಾಲು. ಎರಡೂವರೆ ದಿನದ ನೌಕರಿ, ಐದು ದಿನದ ಚಾಕರಿ.

ಇತರೆ ವಿಷಯಗಳು: ನಮ್ಮ ಮಗಳು ಸಾನ್ವಿಗೆ ಹತ್ತು ತಿಂಗಳು. ಜೂನ್ ಏಳಕ್ಕೆ ಅಜ್ಜಿಯ ಜೊತೆ ಉಡುಪಿಗೆ ಹೋಗುತ್ತಾಳೆ, ಶಾಲೆಗೆ ಸೇರುವ ಹೊತ್ತಿಗೆ ಮರಳುತ್ತಾಳೆ. ಇಲ್ಲಿನ ಚೈಲ್ಡ್‌ಕೇರ್‌ಗಳ ವೇಟಿಂಗ್ ಲಿಸ್ಟ್ ಎಷ್ಟು ಉದ್ದವೆಂದರೆ ಸರದಿ ಬಂದಾಗ ಅವಳು ಟೀಚರಾಗಿಯೇ ಸೇರಬಹುದು. ಹೆಂಡತಿ ಭವ್ಯಶ್ರೀಗೆ ಬ್ಯಾಂಕಿನ ಕೆಲಸ, ನನಗೆ ಈಗ ಚಕ್ರದ ಕುರ್ಚಿ. ನನ್ನ ನೇಮಕಾತಿ ಖಚಿತವಾದ ದಿನ ಅತ್ತೆ ಚೆನ್ನು ತಾವಾಗಿಯೇ, "ಮಗುವನ್ನು ನಾನು ಕರ್ಕೊಂಡು ಹೋಗ್ತೇನೆ, ನಿಮಗೆ ಎಂತ ತಲೆಬಿಸಿ?" ಎಂದರು. ಅವರ ವೀಸಾ ಮುಗಿಯುವುದೂ ಜೂನಿನಲ್ಲೇ. ಭವ್ಯ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ, ಯಾರೂ ಆಕ್ಷೇಪಿಸಲಿಲ್ಲ. ಸರ್ವಾನುಮತದಿಂದ ಅಂಗೀಕಾರ. ಟಿಕೆಟ್ ಬುಕ್ ಆಗಿದೆ. ಮಗುವಿಗೆ ಪ್ರತ್ಯೇಕ ಸೀಟಿಲ್ಲ, ಅಜ್ಜಿಯ ಮಡಿಲೇ ಸೀಟು.

ನಮ್ಮವರೆಲ್ಲ ಮಾಡುವುದೇ ಇದು. ಹೊಸದೇನಲ್ಲ.

೧೯ ಫೆಬ್ರವರಿ, ಮಂಗಳವಾರ

ದುಭಾಷಿ ತರಬೇತಿ ಮುಗಿಯಿತು. ಮುಖ್ಯ ನಿಯಮ: ಎದುರಿನವರು ‘ನಾನು’ ಅಂದರೆ ನಾನೂ ‘ನಾನು’ ಅನ್ನಬೇಕು. ‘ಅವರು ಹೀಗೆ ಹೇಳುತ್ತಿದ್ದಾರೆ’ ಅನ್ನುವ ಹಾಗಿಲ್ಲ. ಸೇರಿಸಬಾರದು, ಬಿಡಬಾರದು, ಅಲಂಕರಿಸಬಾರದು. ನಿರೂಪಕನೊಬ್ಬನಿಗೆ ಇದಕ್ಕಿಂತ ಕಠಿಣ ಶಿಕ್ಷೆಯನ್ನು ಯಾವ ನ್ಯಾಯಾಲಯವೂ ಕೊಟ್ಟಿರಲಾರದು.

ನಿನ್ನೆ ನರ್ಸ್ ಜೊತೆ ಒಂದು ಮನೆಗೆ ಹೋಗಿದ್ದೆ. ಬೋಳು ತಲೆ, ಬೆಳ್ಳಗಾಗುತ್ತಿರುವ ಮೀಸೆ ಹೊತ್ತು, ನೇರ ಬೆನ್ನಿನಲ್ಲಿ ಕೂತು, "ನಾನು ಆರು ತಿಂಗಳ ಬಸುರಿ, ರಾತ್ರಿ ಕಾಲು ಸೆಳೆಯುತ್ತದೆ, ಹುಳಿ ತಿನ್ನುವ ಆಸೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ನರ್ಸ್ ನಗಲಿಲ್ಲ. ಬಸುರಿ ನಕ್ಕಳು. ಅವಳ ಗಂಡ ಎದ್ದು ಬಾಲ್ಕನಿಗೆ ಹೋದ.

೧ ಮಾರ್ಚ್, ಶನಿವಾರ

ಇಂದು ಕಮ್ಯುನಿಟಿ ಹಾಲಿನಲ್ಲಿ ನಮ್ಮ ಮೊದಲ ‘ಕುಟುಂಬಗಳ ಸಭೆ’. ಏರ್ಪಾಡು ನನ್ನದು.

ಜಾನೆಟ್ ನನಗೆ ಹೇಳಿದ್ದು ಇಷ್ಟೇ: ಮನೆಯವರು ಬರಲಿ, ಮಕ್ಕಳು ಆಡಲಿ, ತಮಗೇನು ಬೇಕು ಎನ್ನುವುದನ್ನು ಅವರೇ ಹೇಳಲಿ. ನಾನು ಮಾಡಿದ್ದು: ವೇದಿಕೆ, ವೇದಿಕೆಯ ಮೇಲೆ ಐದು ಕುರ್ಚಿ, ಕುರ್ಚಿಗಳಿಗೆ ಬಿಳಿ ಟವೆಲ್ಲು, ದೀಪ, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಸಂಘದ ಅಧ್ಯಕ್ಷರಿಂದ ಎರಡು ಮಾತು. ಆ ಎರಡು ಮಾತು ಮುಗಿಯುವಷ್ಟರಲ್ಲಿ ಹಾಲಿನ ಹೊರಗಿನ ನೆರಳು ಒಂದು ಮರದಿಂದ ಇನ್ನೊಂದಕ್ಕೆ ಹೋಗಿತ್ತು. ಮಕ್ಕಳನ್ನು ಅಪ್ಪಅಮ್ಮಂದಿರು ಒತ್ತಿ ಹಿಡಿದು ಕುರ್ಚಿಯಲ್ಲಿ ಕೂರಿಸಿದ್ದರು. ಆಟಿಕೆಗಳ ಪೆಟ್ಟಿಗೆ ಶಿಸ್ತಾಗಿ ಮುಚ್ಚಿಕೊಂಡಿತ್ತು. ನಾನು ಬರೆದ ಪ್ರಚಾರಗೀತೆಯನ್ನು ನಾನೇ ವಾಚಿಸಿದೆ:

ಮಗುವಿನೊಡನೆ ಮಾತಾಡಿ, ಚಾಪೆ ಹಾಸಿ ಆಟ ಆಡಿ;
ಟೀವಿಯೆದುರು ಕೂರಿಸಿ ಮತ್ತೆ ದೂರಬೇಡಿ ಗೋಳಾಡಿ.

ಚಪ್ಪಾಳೆ ಬಿತ್ತು. ಜಾನೆಟ್ ನನ್ನ ಕಿವಿಯಲ್ಲಿ, ಮನೆಯವರು ಮಾತಾಡುವುದು ಯಾವಾಗ ಎಂದು ಕೇಳಿದಳು. ವಂದನಾರ್ಪಣೆಯಲ್ಲಿ ಒಬ್ಬರು ಮಾತಾಡುತ್ತಾರೆ ಎಂದೆ. ಅವಳು ತಲೆಯಾಡಿಸಿದ ರೀತಿ ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರನ್ನು ನೆನಪಿಸಿತು.

ಸ್ವಾಗತ, ಪ್ರಾಸ್ತಾವಿಕ, ವಂದನಾರ್ಪಣೆ. ನಡುವೆ ಮಕ್ಕಳ ನಿದ್ರಾರ್ಪಣೆ.

ಉಪ್ಪಿಟ್ಟು ಚೆನ್ನಾಗಿತ್ತು.

೪ ಮಾರ್ಚ್, ಮಂಗಳವಾರ

ಜಾನೆಟ್‌ಗೆ ಒಂದು ಒಗಟು. ನಮ್ಮ ಕಡೆಯ ಮಕ್ಕಳು ಹುಟ್ಟುತ್ತಾರೆ, ನರ್ಸ್ ಹೋಗಿ ತೂಕ ನೋಡುತ್ತಾಳೆ, ವರ್ಷ ತುಂಬುವ ಹೊತ್ತಿಗೆ ಮಗು ಮಾಯ. ನಾಲ್ಕೈದು ವರ್ಷ ಕಳೆದು ಅದೇ ಮಗು ಯೂನಿಫಾರ್ಮ್ ಹಾಕಿಕೊಂಡು ಶಾಲೆಯ ಬಾಗಿಲಲ್ಲಿ ಪ್ರತ್ಯಕ್ಷ. ನಡುವಿನ ವರ್ಷಗಳಲ್ಲಿ ಇವರೆಲ್ಲ ಸಬರ್ಬ್ ಬದಲಿಸಿರಬೇಕು ಎಂದು ಕಚೇರಿಯಲ್ಲಿ ಇಷ್ಟು ಕಾಲ ತಿಳಿದುಕೊಂಡಿದ್ದರಂತೆ.

ಸಬರ್ಬ್ ಹೌದು, ಸ್ವಲ್ಪ ದೂರದ್ದು ಎಂದೆ. ಅಜ್ಜಿಯರು ಬಾಣಂತನಕ್ಕೆ ಬರುತ್ತಾರೆ, ಹೋಗುವಾಗ ಮಗುವನ್ನು ಕರೆದೊಯ್ಯುತ್ತಾರೆ ಎನ್ನುವುದನ್ನು ಕಾರಣ, ಹಿನ್ನೆಲೆ, ಉಪಸಂಹಾರಗಳ ಸಮೇತ ವಿವರಿಸಿದೆ. ಕಚೇರಿ ಮೌನವಾಗಿ ಕೇಳಿತು. ಇಷ್ಟು ಒಳ್ಳೆಯ ಸಭಿಕರು ನನಗೆ ಸಂಘದಲ್ಲಿ ಸಿಕ್ಕಿಲ್ಲ.

ಕೊನೆಗೆ ಜಾನೆಟ್, ಇದನ್ನು ತೀರ್ಮಾನ ಮಾಡುವವರು ಯಾರು ಎಂದಳು. ಮನೆಯವರು ಎಂದೆ. ಮನೆಯಲ್ಲಿ ಯಾರು? ಎಲ್ಲರೂ ಎಂದೆ. ಎಲ್ಲರೂ ಅಂದರೆ ಯಾರು ಎಂದು ಮತ್ತೆ ಕೇಳಿದಳು. ಕೆಲವರಿಗೆ ಎಷ್ಟು ಹೇಳಿದರೂ ತಿಳಿಯುವುದಿಲ್ಲ.

ಸಾನ್ವಿಯ ಟಿಕೆಟ್ಟಿನ ಬಗ್ಗೆ ನಾನು ಹೇಳಲಿಲ್ಲ. ಅಜೆಂಡಾದಲ್ಲಿ ಇರಲಿಲ್ಲ.

೧೮ ಮಾರ್ಚ್, ಮಂಗಳವಾರ

ಮನೆಯಲ್ಲೂ ತರಬೇತಿ ನಡೆಯುತ್ತಿದೆ. ಈಗ ಸಾನ್ವಿ ಮಲಗುವುದು ಅತ್ತೆಯ ಪಕ್ಕದಲ್ಲಿ. ಊಟ ಅತ್ತೆಯ ಕೈಯಿಂದ. ಅತ್ತರೆ ಎತ್ತಿಕೊಳ್ಳುವುದು ಅತ್ತೆ. ಈಗಿಂದಲೇ ಅಭ್ಯಾಸವಾದರೆ ಹೋಗುವಾಗ ಮಗುವಿಗೆ ಕಷ್ಟವಾಗುವುದಿಲ್ಲ ಎಂದು ಕಳಿಸಿದ ಅನುಭವ ಇರುವವರೆಲ್ಲ ಫೋನಿನಲ್ಲಿ ಹೇಳಿದ್ದಾರೆ.

ಭವ್ಯಳಿಗೆ ಬ್ಯಾಂಕಿನಲ್ಲಿ ಈಚೆಗೆ ಕೆಲಸ ಜಾಸ್ತಿ. ಮಗು ಮಲಗಿದ ಮೇಲೆಯೇ ಬರುತ್ತಾಳೆ. ಬಹಳ ಶ್ರದ್ಧೆಯ ಹುಡುಗಿ. ಬಂದವಳು ಕೈಕಾಲು ತೊಳೆದು, ಅತ್ತೆಯ ಕೋಣೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಊಟಕ್ಕೆ ಬರುತ್ತಾಳೆ. ಮೊದಲು ಊಟದ ಹೊತ್ತಿಗೆ ಮ್ಯಾನೇಜರನ್ನು ಬೈಯುತ್ತಿದ್ದಳು. ಈಗ ಅದೂ ಇಲ್ಲ. ಮನೆ ಶಾಂತವಾಗಿದೆ.

೯ ಏಪ್ರಿಲ್, ಬುಧವಾರ, ಮೆಲ್ಬರ್ನ್

ಇಲ್ಲಿನ ವ್ಯವಸ್ಥೆ ನೋಡಿ ಬರಲು ಕೌನ್ಸಿಲ್ ನಮ್ಮಿಬ್ಬರನ್ನು ಕಳಿಸಿದೆ. ಜಾನೆಟ್ ಹೋಟೆಲಿನಲ್ಲಿ; ನಾನು ಬಾಕ್ಸ್ ಹಿಲ್‌ನಲ್ಲಿ, ಗೆಳೆಯ ಸುಕೇಶನ ಫ್ಲ್ಯಾಟಿನಲ್ಲಿ. ಕಾಲೇಜಿನಲ್ಲಿ ನನಗಿಂತ ಹತ್ತು ವರ್ಷ ಕಿರಿಯ, ಯಕ್ಷಗಾನದ ಚಟ ಮಾತ್ರ ಸಮಾನ. ಈಗ ಡಾಕ್‌ಲ್ಯಾಂಡ್ಸಿನ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾನೆ. ಹೆಂಡತಿ ನಿರೀಕ್ಷಾ ಆಸ್ಪತ್ರೆಯ ಲ್ಯಾಬಿನಲ್ಲಿ. ಮಗ ಪ್ರತೀಕ್‌ನನ್ನು ಎಂಟು ತಿಂಗಳಿದ್ದಾಗ ಪುತ್ತೂರಿಗೆ ಕಳಿಸಿದ್ದರು. ಈ ಜನವರಿಯಲ್ಲಿ ಮರಳಿದ್ದಾನೆ. ನಾಲ್ಕೂವರೆ ವರ್ಷ.

ಬಾಗಿಲು ತೆರೆದವನು ಅವನೇ. ನಮಸ್ಕಾರ ಹೇಳಿದ. ನನ್ನ ಬ್ಯಾಗ್ ಹಿಡಿದುಕೊಳ್ಳಲು ಬಂದ. ಇಂಥ ಮಗುವನ್ನು ನಾನು ಆಸ್ಟ್ರೇಲಿಯಾದಲ್ಲಿ ನೋಡಿಲ್ಲ.

"ಎಷ್ಟು ಡೀಸೆಂಟ್ ನೋಡಿ ಕರುಣಣ್ಣ," ಎಂದ ಸುಕೇಶ. "ಬಂದ ಮೇಲೆ ಒಂದು ದಿನ ಹಟ ಮಾಡಿದವ ಅಲ್ಲ. ನೀವೂ ಧೈರ್ಯದಲ್ಲಿ ಕಳಿಸಿ."

೧೦ ಏಪ್ರಿಲ್, ಗುರುವಾರ

ಬೆಳಗಿಂದ ಮೂರು ಕೇಂದ್ರ ನೋಡಿದೆವು. ಒಂದರಲ್ಲಿ ಅಪ್ಪಂದಿರು ನೆಲದ ಮೇಲೆ ಕೂತು ಮರಳಿನಲ್ಲಿ ಗುಂಡಿ ತೋಡುತ್ತಿದ್ದರು. ಮಕ್ಕಳು ಮೇಲ್ವಿಚಾರಣೆ ಮಾಡುತ್ತಿದ್ದರು. ಭಾಷಣ ಇರಲಿಲ್ಲ. ಟಿಪ್ಪಣಿ ಮಾಡಿಕೊಂಡೆ.

ಸಂಜೆ ಸುಕೇಶನ ಮನೆಯಲ್ಲಿ ಕೋರಿರೊಟ್ಟಿ. ಪ್ರತೀಕ್ ತಟ್ಟೆ ಖಾಲಿ ಮಾಡಿ, ತಾನೇ ತೊಳೆಯಲು ಇಟ್ಟು, ನಿರೀಕ್ಷಾಳಿಗೆ, "ಊಟ ಚೆನ್ನಾಗಿತ್ತು" ಎಂದ. ಫ್ರಿಜ್ ತೆರೆಯುವ ಮೊದಲು ಕೇಳಿದ. ಸೋಫಾದ ತುದಿಯಲ್ಲಿ ಕೂತ, ಬೆನ್ನು ತಾಗಿಸದೆ.

ಇನ್ನೊಂದು ವಿಷಯ. ಅವನು ನಿರೀಕ್ಷಾಳನ್ನು ಏನೂ ಕರೆಯುವುದಿಲ್ಲ. ಅವನ ಬಾಯಲ್ಲಿ ‘ಅಮ್ಮ’ ಅಂದರೆ ಪುತ್ತೂರಿನ ಅಜ್ಜಿ. ಏನಾದರೂ ಬೇಕಾದರೆ ಇವಳ ಹತ್ತಿರ ಹೋಗಿ ನಿಲ್ಲುತ್ತಾನೆ, ಇವಳು ತಿರುಗುವವರೆಗೆ. ಇಂದು ಅವಳು ಒಲೆಯ ಮುಂದೆ ಇದ್ದಳು. ಅವನು ಹಿಂದೆ ನಿಂತಿದ್ದ. ಅವನು ನಿಂತಿರುವುದು ಅವಳಿಗೆ ಗೊತ್ತಿತ್ತು, ತಿರುಗಲಿಲ್ಲ. ಕರೆಯುತ್ತಾನೋ ಎಂದು ಕಾಯುತ್ತಿದ್ದಳು. ಪಲ್ಯ ಸೀದ ವಾಸನೆ ಬಂತು. ಅವನು ಕರೆಯಲಿಲ್ಲ. ಅವಳೇ ತಿರುಗಿದಳು.

ಪ್ರಾಸ ಏನೂ ಹೊಳೆಯುತ್ತಿಲ್ಲ. ಪ್ರಯಾಣದ ಆಯಾಸ.

೧೨ ಏಪ್ರಿಲ್, ಶನಿವಾರ, ಪ್ಯಾರಮಟ್ಟಾ

ಪ್ರತೀಕ್ ಹೇಗಿದ್ದಾನೆ ಎಂದು ಭವ್ಯ ಕೇಳಿದಳು. ತುಂಬ ಡೀಸೆಂಟ್ ಎಂದೆ.

"ನಿರೀಕ್ಷಾಳನ್ನು ಎಂತ ಕರೀತಾನೆ?"

ನಾನು ನೀರು ಕುಡಿಯಲು ಎದ್ದು ಹೋದೆ.

೬ ಮೇ, ಮಂಗಳವಾರ

ಸಾಯಂಕಾಲ ಹಾಲು ತರಲು ಹೋಗಿದ್ದೆ. ಸ್ಟೇಷನ್ನಿನ ಹೊರಗೆ ಬಸ್ಸುಗಳು ನಿಲ್ಲುವ ಕಡೆ ಬೆಂಚಿನ ಮೇಲೆ ಭವ್ಯ ಕೂತಿದ್ದಳು. ಆಫೀಸಿನ ಬ್ಯಾಗು ತೊಡೆಯ ಮೇಲೆ. ಬಸ್ಸಿಗೆ ಕಾಯುವವಳ ಹಾಗೆ ಕಾಣುತ್ತಿದ್ದಳು. ನಮ್ಮ ಮನೆಗೆ ಬಸ್ಸು ಬೇಕಾಗಿಲ್ಲ, ನಡೆದು ಹೋಗುವ ದಾರಿ.

ಪಕ್ಕದಲ್ಲಿ ಕೂತೆ. ಓವರ್‌ಟೈಮ್ ಬೇಗ ಮುಗಿಯಿತಾ ಎಂದೆ.

"ಸಾನ್ವಿ ಮಲಗಿದಳಾ?" ಎಂದಳು.

ಇಲ್ಲ ಎಂದೆ. ಹಾಗಾದರೆ ಇನ್ನೂ ಸ್ವಲ್ಪ ಹೊತ್ತು ಕೂರುತ್ತೇನೆ, ನೀವು ಹೋಗಿ, ಹಾಲು ಹಾಳಾಗುತ್ತದೆ ಎಂದಳು. ಮೇ ತಿಂಗಳ ಚಳಿಗೆ ಹಾಲು ಹಾಳಾಗುವುದಿಲ್ಲ. ನಾನೂ ಕೂತೆ. ಮೂರು ಬಸ್ಸು ಹೋದವು. ನಾಲ್ಕನೆಯದರ ಡ್ರೈವರ್ ಬಾಗಿಲು ತೆರೆದು ನಮ್ಮಿಬ್ಬರನ್ನೂ ನೋಡಿ, ಬರುವುದಿಲ್ಲವೇ ಎಂದು ಸನ್ನೆ ಮಾಡಿದ. ಇಬ್ಬರೂ ಒಟ್ಟಿಗೆ ತಲೆಯಲ್ಲಾಡಿಸಿದೆವು. ಈಚೆಗೆ ನಾವಿಬ್ಬರೂ ಒಟ್ಟಿಗೆ ಮಾಡಿದ ಕೆಲಸ ಅದೊಂದೇ ಇರಬೇಕು.

ಅವಳಿಗೆ ಕಳಿಸುವುದು ಬೇಡವೋ ಎಂದು ಕೇಳಬೇಕೆಂದುಕೊಂಡೆ. ಕೇಳಿದರೆ, ಅವಳ ಅಮ್ಮ ಇಷ್ಟಪಟ್ಟು ಹೇಳಿದ್ದನ್ನು ನಾನು ಅಡ್ಡಗಾಲು ಹಾಕಿ ತಪ್ಪಿಸಿದ ಹಾಗಾಗುತ್ತದೆ. ಕೇಳಲಿಲ್ಲ.

೨೪ ಮೇ, ಶನಿವಾರ

ಎರಡನೆಯ ಸಭೆ. ಈ ಸಲ ವೇದಿಕೆಗೆ ನಾನೇ ಬೀಗ ಹಾಕಿಸಿದೆ. ಚಾಪೆ ಹಾಸಿ, ಆಟಿಕೆ ಸುರಿದು, ದೊಡ್ಡವರನ್ನೂ ನೆಲಕ್ಕಿಳಿಸಿದೆವು. ಅಜ್ಜಿಯಂದಿರಿಗೆ ಗೋಡೆಗೊರಗಲು ದಿಂಬು. ಭವ್ಯ, ಅತ್ತೆ, ಸಾನ್ವಿ ಮೂವರೂ ಬಂದಿದ್ದರು. ಸ್ವಾಗತ ಭಾಷಣ ಎಂದರೆ ನಾನು "ಬನ್ನಿ" ಎಂದದ್ದು.

ಮಕ್ಕಳನ್ನು ಊರಿಗೆ ಕಳಿಸುವ ವಿಷಯ ತೆಗೆದದ್ದೂ ನಾನೇ. ಕೆಲಸ ತಾನೇ. ಬೇರೆ ದಾರಿಗಳಿವೆ, ಕೌನ್ಸಿಲ್ ಪರವಾನಗಿ ಇರುವ ಹೆಂಗಸರು ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುತ್ತಾರೆ, ನೀವು ಮೊದಲು ನಮ್ಮನ್ನು ಕೇಳಿ ಎಂದು ಹೇಳುತ್ತಿದ್ದೆ. ಚೆನ್ನಾಗಿಯೇ ಹೇಳುತ್ತಿದ್ದೆ. ಹುಬ್ಬಳ್ಳಿಯ ಶಿವಪುತ್ರಪ್ಪ, ಮಗಳ ಜೊತೆ ಬ್ಲಾಕ್ ಜೋಡಿಸುತ್ತಿದ್ದವರು, ತಲೆ ಎತ್ತದೆ ಕೇಳಿದರು: "ಅದೆಲ್ಲಾ ಖರೇ ಅದ ಬಿಡ್ರಿ ಸರ. ನಿಮ್ಮ ಕೂಸಿನ ಟಿಕೆಟ್ ಏಳನೇ ತಾರೀಕಿಂದು ಹೌದಿಲ್ರಿ?"

ಸಂಘದಲ್ಲಿ ಯಾವ ವಿಷಯವೂ ಗುಟ್ಟಲ್ಲ. ಯಾರೋ ಕಿಸಕ್ಕೆಂದರು. ಏನಂದರು ಎಂದು ಜಾನೆಟ್ ನನ್ನ ಕಡೆ ನೋಡಿದಳು. ಬಿಡಬಾರದು ಎನ್ನುವ ನಿಯಮ. ಇಂಗ್ಲಿಷಿನಲ್ಲಿ ಹೇಳಿದೆ.

ಅವಳು ಎದ್ದಳು. ಸಾನ್ವಿಯನ್ನು ಕಾಲ ಮೇಲೆ ಕೂರಿಸಿಕೊಂಡಿದ್ದ ಅತ್ತೆಯ ಮುಂದೆ ಹೋಗಿ ಕೂತಳು. ನನ್ನನ್ನು ಕರೆದಳು. ಸ್ವಂತ ಮನೆಯವರಿಗೆ ದುಭಾಷಿ ಆಗಬಾರದು, ಆದರೆ ಅತ್ತೆಗೆ ಸಲೀಸು ತುಳು, ಸಭೆಯಲ್ಲಿ ಅದನ್ನು ಬಲ್ಲವರು ಬೇರೆ ಇದ್ದದ್ದು ಭವ್ಯ ಒಬ್ಬಳೇ. ಅವಳು ಆಗುವುದಿಲ್ಲ ಎಂದು ಕೈಯಾಡಿಸಿದಳು.

ಜಾನೆಟ್ ಕೇಳಿದಳು: ಇದರಲ್ಲಿ ನಿಮಗೆ ಏನು ಬೇಕು?

"ಮಕ್ಕಳು ಹೇಳಿದ ಹಾಗೆ," ಎಂದರು ಅತ್ತೆ.

ಅದು ಮಕ್ಕಳಿಗೆ ಬೇಕಾದ್ದು, ನಿಮಗೆ?

ಅತ್ತೆ ನನ್ನನ್ನು ನೋಡಿದರು. ಇದನ್ನು ನಿಜಕ್ಕೂ ಆ ಹೆಂಗಸು ಕೇಳಿದ್ದಾ, ನೀವು ಸೇರಿಸಿದ್ದಾ ಎಂದು ವಿಚಾರಿಸಿದರು. ಅವಳೇ ಕೇಳಿದ್ದು ಎಂದೆ. ಸಾನ್ವಿಯ ಕಾಲುಚೀಲ ಸರಿಮಾಡಿದರು. ಆಮೇಲೆ ತುಳುವಿನಲ್ಲಿ, ನಿಧಾನವಾಗಿ:

"ನನಗೆ ಎಪ್ಪತ್ತರ ಹತ್ತಿರ. ಇವಳು ಓಡಿದರೆ ಹಿಡಿಯಲಿಕ್ಕೆ ಆಗುದಿಲ್ಲ. ಮನೆಯೆದುರು ರೋಡು, ಹಿಂದೆ ಬಾವಿ. ನನಗೆ ಹೆದರಿಕೆ ಉಂಟು."

ನಾನು ಹೇಳಬೇಕಾಯಿತು. ನನ್ನ ಬಾಯಲ್ಲಿ, ನನ್ನ ಧ್ವನಿಯಲ್ಲಿ, ಇಡೀ ಸಭೆಗೆ ಕೇಳುವ ಹಾಗೆ: ನನಗೆ ಹೆದರಿಕೆ ಇದೆ.

"ಕರ್ಕೊಂಡು ಹೋಗ್ತೇನೆ ಅಂತ ಹೇಳಿದ್ದು ನಾನೇ. ನೀವು ಬೇಡ ಹೇಳ್ತೀರಿ ಅಂತ ಗ್ರಹಿಸಿ ಹೇಳಿದ್ದು. ಅಜ್ಜಿ ಆದವಳು ಅಷ್ಟೂ ಹೇಳದಿದ್ದರೆ ಹೇಗೆ? ನೀವು ಇಬ್ಬರೂ ಸುಮ್ಮನೆ ಕೂತುಬಿಟ್ರಿ. ಮರುದಿನ ಟಿಕೆಟ್ ಬಂತು."

ಅದನ್ನೂ ಹೇಳಿದೆ. ಬೇಡ ಅನ್ನುತ್ತಾರೆ ಎಂದುಕೊಂಡಿದ್ದೆ. ಅನ್ನಲಿಲ್ಲ.

ಭವ್ಯ ಎದ್ದು ಬಂದಳು. "ಅಮ್ಮ, ನಿಮಗೆ ಆಸೆ ಉಂಟು ಅಂತ ನಾನು ಬಾಯಿ ಮುಚ್ಚಿ ಕೂತದ್ದು. ಇವರು ಕೆಲಸ ಸಿಕ್ಕಿದ ಖುಷಿಯಲ್ಲಿ ಇದ್ರು. ನಾನು ಬೇಡ ಅಂದ್ರೆ ಕೆಲಸ ಬಿಡ್ತಾರೆ ಅಂತ." ಸಾನ್ವಿಯನ್ನು ಎತ್ತಿಕೊಂಡಳು.

ಜಾನೆಟ್ ಕಾಯುತ್ತಿದ್ದಳು. ಭವ್ಯಳ ಮಾತನ್ನೂ ಇಂಗ್ಲಿಷಿಗೆ ತಂದೆ. ಕೊನೆಯಲ್ಲಿ ಇನ್ನೊಂದು ವಾಕ್ಯ ಬಂತು: ನನಗೂ ಕಳಿಸುವುದು ಬೇಡ.

ಇದು ಯಾರ ಮಾತು ಎಂದು ಜಾನೆಟ್ ಕೇಳಿದಳು. ಅವಳು ತುಳು ಅರಿಯದಿದ್ದರೂ, ವಾಕ್ಯ ಹೆಚ್ಚಾದದ್ದು ಅವಳಿಗೆ ತಿಳಿದಿತ್ತು.

ದುಭಾಷಿಯದ್ದು ಎಂದೆ.

೨೭ ಮೇ, ಮಂಗಳವಾರ

ಕಚೇರಿಯಲ್ಲಿ ನನಗೆ ಎಚ್ಚರಿಕೆ: ಸೇರಿಸಬಾರದು. ಒಪ್ಪಿಕೊಂಡೆ.

ಜೊತೆಗೆ ನಗರಕ್ಕೆಲ್ಲ ಅನ್ವಯಿಸುವ ಒಂದು ಹೊಸ ಕ್ರಮ. ಇನ್ನು ಮೇಲೆ ನರ್ಸ್ ಮನೆಗೆ ಹೋಗುವುದು ಅಜ್ಜಿಯೂ ಇರುವ, ತಾಯಿತಂದೆ ಇಬ್ಬರೂ ಕೆಲಸದಿಂದ ಮರಳಿರುವ ಹೊತ್ತಿನಲ್ಲಿ. ಮಗು ಇಲ್ಲಿರಬೇಕೇ, ಊರಿಗೆ ಹೋಗಬೇಕೇ ಎನ್ನುವುದನ್ನು ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೇಳಬೇಕು. ಕಳಿಸುವುದೇ ಸರಿ ಎಂದರೆ ಕಳಿಸಲಿ, ಕಳಿಸಲೇಬೇಕಾದ ಮನೆಗಳೂ ಇವೆ. ಆದರೆ ಕಳಿಸಿದವರು ಯಾರು ಎನ್ನುವುದು ಮನೆಯವರಿಗಾದರೂ ಗೊತ್ತಿರಲಿ ಎಂದಳು ಜಾನೆಟ್. ಮಾರ್ಚಿನಲ್ಲಿ ಅವಳು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ ಅಂತ ಕಾಣುತ್ತದೆ.

ನಮ್ಮ ಬೀದಿಯ ಆಚೆ ತುದಿಯಲ್ಲಿ ಸಲ್ಮಾ ಎಂಬ ಲೆಬನೀಸ್ ಹೆಂಗಸು ತನ್ನ ಮನೆಯಲ್ಲೇ ನಾಲ್ಕು ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಕೌನ್ಸಿಲ್ ಪರವಾನಗಿ ಇದೆ. ಅವಳ ಹೆಸರನ್ನು ಎಷ್ಟೋ ಮನೆಗಳಿಗೆ ಹೇಳಿದವನು ನಾನು. ನಮ್ಮ ಮನೆಗೆ ಹೇಳುವುದು ಬಾಕಿಯಿತ್ತು. ಸಾನ್ವಿಯ ಟಿಕೆಟ್ ರದ್ದು ಮಾಡಿಸಿ ಸಲ್ಮಾಳನ್ನು ಕೇಳಿದೆ. ನಾನು ಕಚೇರಿಗೆ ಹೋಗುವ ದಿನಗಳಿಗೆ ಒಂದು ಜಾಗ ಖಾಲಿ ಇದೆಯಂತೆ. ಉಳಿದ ದಿನ ನಾನೇ. ಇಂದು ಭವ್ಯ ಬೆಳಕಿರುವಾಗಲೇ ಮನೆಗೆ ಬಂದಳು. ಊಟದ ಹೊತ್ತಿಗೆ ಮ್ಯಾನೇಜರನ್ನು ಬೈದಳು. ಅನ್ನದ ಕೈಯಲ್ಲಿ ಸಾನ್ವಿ ಅವಳ ಮೂಗು ಹಿಡಿದಿದ್ದಳು, ಆದ್ದರಿಂದ ಬೈಗುಳ ಸ್ಪಷ್ಟವಾಗಿರಲಿಲ್ಲ.

೭ ಜೂನ್, ಶನಿವಾರ

ಅತ್ತೆಯನ್ನು ಏರ್‌ಪೋರ್ಟಿಗೆ ಬಿಟ್ಟು ಬಂದೆವು. ಸಾಲಿನಲ್ಲಿ ನಿಂತಾಗ ಸಾನ್ವಿಯನ್ನು ಕೇಳಿ ಎತ್ತಿಕೊಂಡರು, ತಾವಾಗಿಯೇ ಹಿಂದಕ್ಕೆ ಕೊಟ್ಟರು. ಕಣ್ಣು ತುಂಬಿತ್ತು, ಆದರೆ ನಡಿಗೆ ಹಗುರಾಗಿತ್ತು. ಒಳಗೆ ಹೋಗುವ ಮೊದಲು ತಿರುಗಿ, "ಅಳಿಯಂದಿರೇ, ಇನ್ನು ನಾನು ಎಂತದಾದರೂ ಮಾಡ್ತೇನೆ ಅಂದರೆ, ಒಂದು ಸಲವಾದರೂ ಬೇಡ ಹೇಳಿ ನೋಡಿ ಮಾರಾಯ್ರೆ," ಎಂದರು.

ದಾರಿಯಲ್ಲಿ ಸಾನ್ವಿ ಅಜ್ಜಿಯನ್ನು ಹುಡುಕಿ ಅತ್ತಳು. ತರಬೇತಿಯ ಫಲ. ಭವ್ಯ ಹಿಂದಿನ ಸೀಟಿನಲ್ಲಿ ಕೂತು ಅವಳಿಗೆ ಏನೇನೋ ಹೇಳುತ್ತಿದ್ದಳು. ನಾನು ಕಾರು ಓಡಿಸಿದೆ.

ಇಲ್ಲಿಗೆ ವಂದನಾರ್ಪಣೆ, ಸಭಿಕರೇ. ಮೊದಲನೆಯದಾಗಿ…

ಇಲ್ಲ. ಸಭಿಕರು ಯಾರೂ ಇಲ್ಲ. ಫೆಬ್ರವರಿಯಿಂದ ಇದನ್ನು ಬರೆದದ್ದು ನಿನಗೆ, ಸಾನ್ವಿ. ದೊಡ್ಡವಳಾದ ಮೇಲೆ, ನನ್ನನ್ನು ಯಾಕೆ ಕಳಿಸಿದಿರಿ ಎಂದು ನೀನು ಕೇಳುವ ದಿನ ಇದನ್ನು ನಿನ್ನ ಕೈಗೆ ಕೊಟ್ಟು ನಾನು ಪಕ್ಕದ ಕೋಣೆಗೆ ಹೋಗಿಬಿಡಬೇಕು ಎಂದುಕೊಂಡಿದ್ದೆ. ಓದುತ್ತ ನಗು ಬಂದರೆ ಸಿಟ್ಟು ಸ್ವಲ್ಪ ಇಳಿದೀತು ಎಂದು ಪ್ರಾಸ ಹಾಕಿದೆ.